ರಕ್ಷಣೆ, ಆರೋಗ್ಯ, ವಿದೇಶಿ ನೆರವು: ಸಂಸದರು ಕೇಳುವುದೊಂದು, ಸಚಿವರು ಉತ್ತರಿಸುವುದೊಂದು ಆಗುವುದೇಕೆ?

ಕಡತದ ಧೂಳು (ಎಳೆ ಆರಂಭಿಸಿದವರು)

ಲೋಕಸಭೆ, ರಾಜ್ಯಸಭೆಗಳ ಪ್ರಶ್ನೋತ್ತರಗಳನ್ನು ಕೂತು ಓದುವವರಿಗಾಗಿ ಈ ಎಳೆ. ರಕ್ಷಣೆ, ಆರೋಗ್ಯ, ವಿದೇಶಾಂಗ ಈ ಮೂರೂ ಸಚಿವಾಲಯಗಳ ಉತ್ತರಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಒಂದೊಂದೂ ತನ್ನದೇ ದಾರಿಯಲ್ಲಿ ಜಾರಿಕೊಳ್ಳುತ್ತದೆ. ರಕ್ಷಣೆಯವರು "ದೇಶದ ಭದ್ರತೆಯ ಹಿತದೃಷ್ಟಿಯಿಂದ ವಿವರ ಕೊಡಲಾಗದು" ಅನ್ನುತ್ತಾರೆ. ಆರೋಗ್ಯದವರು "ಇದು ರಾಜ್ಯದ ವಿಷಯ" ಎಂದು ಶುರುಮಾಡುತ್ತಾರೆ. ವಿದೇಶಾಂಗದವರು ದೊಡ್ಡದೊಂದು ಡಾಲರ್ ಮೊತ್ತ ಹೇಳಿ ಮುಗಿಸುತ್ತಾರೆ. ಅದರಲ್ಲಿ ಕೊಟ್ಟದ್ದೆಷ್ಟು, ಸಾಲ ಎಷ್ಟು ಎಂಬುದು ಕೊನೆಗೂ ತಿಳಿಯುವುದಿಲ್ಲ.

ಇದರಲ್ಲಿ ಅರ್ಧ ತಪ್ಪು ಪ್ರಶ್ನೆಯದ್ದೇ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಸಚಿವಾಲಯ ಉತ್ತರ ಕೊಡುವುದು ಪ್ರಶ್ನೆಯಲ್ಲಿ ಅಚ್ಚಾದ ಪದಕ್ಕೆ, ಕೇಳಿದವರ ಮನಸ್ಸಿನಲ್ಲಿದ್ದ ಸಂಗತಿಗಲ್ಲ. ಪದ ಸಡಿಲವಾದರೆ ಉತ್ತರವೂ ಸಡಿಲ. ಪ್ರಶ್ನೆಯನ್ನು ಹೇಗೆ ಕಟ್ಟಬೇಕು, ಎಲ್ಲಿ ಕೆಡುತ್ತದೆ, ಉದಾಹರಣೆ ಸಹಿತ ಬರೆಯಿರಿ. ಪಕ್ಷ ರಾಜಕೀಯ ಇಲ್ಲಿ ಬೇಡ. ಯಾವ ಸರ್ಕಾರ ಇದ್ದರೂ ಕಡತ ಬರೆಯುವ ಶೈಲಿ ಒಂದೇ.

ಮೇಜಿನ ಮೇಲೆ ಮಂಡನೆ

ಮೊದಲು ಲೆಕ್ಕಾಚಾರ ಸರಿಯಾಗಲಿ. ಲೋಕಸಭೆಯಲ್ಲಿ ಪ್ರಶ್ನೋತ್ತರ ವೇಳೆ ಬೆಳಗ್ಗೆ 11ಕ್ಕೆ, ರಾಜ್ಯಸಭೆಯಲ್ಲಿ 2014ರ ನವೆಂಬರ್‌ನಿಂದ ಮಧ್ಯಾಹ್ನ 12ಕ್ಕೆ. ಲೋಕಸಭೆಯ ಪಟ್ಟಿಯಲ್ಲಿ ದಿನಕ್ಕೆ ಚುಕ್ಕೆ ಗುರುತಿನ ಪ್ರಶ್ನೆ 20, ಚುಕ್ಕೆ ಗುರುತಿಲ್ಲದವು 230. ರಾಜ್ಯಸಭೆಯಲ್ಲಿ 15 ಮತ್ತು 160. ಚುಕ್ಕೆ ಗುರುತಿನದಕ್ಕೆ ಸಚಿವರು ಎದ್ದು ನಿಂತು ಬಾಯಿಮಾತಿನಲ್ಲಿ ಉತ್ತರಿಸಬೇಕು, ಆಮೇಲೆ ಉಪಪ್ರಶ್ನೆಗೆ ಅವಕಾಶ. ಉಳಿದದ್ದಕ್ಕೆ ಲಿಖಿತ ಉತ್ತರ ಸದನದ ಮೇಜಿನ ಮೇಲೆ ಬರುತ್ತದೆ, ಅಷ್ಟೇ.

ಸಚಿವಾಲಯಗಳನ್ನು ಐದು ಗುಂಪು ಮಾಡಿ ಸೋಮವಾರದಿಂದ ಶುಕ್ರವಾರಕ್ಕೆ ಹಂಚಿರುತ್ತಾರೆ. ಎರಡೂ ಸದನಗಳ ಹಂಚಿಕೆ ಬೇರೆ ಬೇರೆ. ಅಧಿವೇಶನಕ್ಕೆ ಮುನ್ನ ಹೊರಡುವ ದಿನಾಂಕಪಟ್ಟಿ ನೋಡದೆ ಪ್ರಶ್ನೆ ಬರೆಯಲು ಕೂರಬಾರದು. ಸೂಚನೆಗೆ ಪೂರ್ಣ 15 ದಿನ ಬೇಕು. ಕೊಟ್ಟ ದಿನವೂ ಲೆಕ್ಕಕ್ಕಿಲ್ಲ, ಉತ್ತರದ ದಿನವೂ ಇಲ್ಲ. 28ನೇ ತಾರೀಖಿನ ಉತ್ತರಕ್ಕೆ 13ರಿಂದ 27ರವರೆಗೆ 15 ದಿನ, ಅಂದರೆ 12ರೊಳಗೆ ಸೂಚನೆ ಒಳಗೆ ಹೋಗಿರಬೇಕು. ಒಬ್ಬ ಸದಸ್ಯರು ದಿನವೊಂದಕ್ಕೆ 10 ಸೂಚನೆ ಕೊಡಬಹುದು.

ನಿಯಮ ನಲವತ್ತೊಂದು

ಮೇಲಿನದರಲ್ಲಿ ಒಂದು ತಿದ್ದುಪಡಿ. ಲೋಕಸಭೆಯಲ್ಲಿ 10 ಇದ್ದದ್ದು ಹಿಂದೆ, ಈಗ ಎರಡೂ ಬಗೆ ಸೇರಿ 5. ಅದರಲ್ಲಿ ಚುಕ್ಕೆ ಗುರುತಿನ ಪಟ್ಟಿಗೆ ಒಬ್ಬರದು ಒಂದೇ. ಸೂಚನೆಗಳ ಸರದಿ ಚೀಟಿ ಎತ್ತುವ ಮೂಲಕ ನಿರ್ಧಾರವಾಗುತ್ತದೆ. ಚೀಟಿಯಲ್ಲಿ ಮೊದಲ 20ರೊಳಗೆ ಬರದ ಪ್ರಶ್ನೆ ಚುಕ್ಕೆ ಕಳೆದುಕೊಂಡು ಲಿಖಿತದ ಪಟ್ಟಿಗೆ ಇಳಿಯಬಹುದು.

ಹುಬ್ಬಳ್ಳಿ ಗಾಳಿ

ಅಲ್ರೀ, ಹಂಗಾದ್ರ ಎಲ್ಲಾರೂ ಚುಕ್ಕಿ ಗುರುತಿಂದ ಕೇಳಿಬಿಟ್ರ ಮುಗೀತಲ್ಲ? ಮಂತ್ರಿನ ಎದುರಾ ಎದುರ ನಿಲ್ಲಿಸಿ ಕೇಳೂದು ಬಿಟ್ಟು ಕಾಗದದಾಗ ಯಾಕ ಕೇಳಬೇಕು?

ಮೇಜಿನ ಮೇಲೆ ಮಂಡನೆ

ತಿದ್ದಿದ್ದಕ್ಕೆ ಧನ್ಯವಾದ, 5 ಸರಿ.

ಹುಬ್ಬಳ್ಳಿ ಗಾಳಿಯವರೇ, ಇಪ್ಪತ್ತರಲ್ಲಿ ಒಂದು ಗಂಟೆಯೊಳಗೆ ಮಾತಿಗೆ ಬರುವುದು ಸಾಮಾನ್ಯವಾಗಿ ಐದಾರು. 2019ರ ನವೆಂಬರ್ 27ರಂದು ಲೋಕಸಭೆಯಲ್ಲಿ ಇಪ್ಪತ್ತೂ ಮುಗಿದವು. 1972ರ ನಂತರ ಅದೇ ಮೊದಲು ಎಂದು ದೊಡ್ಡ ಸುದ್ದಿಯಾಗಿತ್ತು. ಸರದಿ ಬಾರದ ಪ್ರಶ್ನೆಯ ಉತ್ತರ ಲಿಖಿತವಾಗಿ ಮೇಜಿಗೆ ಹೋಗುತ್ತದೆ, ಉಪಪ್ರಶ್ನೆಯ ಅವಕಾಶ ಕೈತಪ್ಪುತ್ತದೆ. ಗದ್ದಲವಾಗಿ ಸದನ ಮುಂದೂಡಿದರೂ ಹಾಗೆಯೇ.

ಆದ್ದರಿಂದ ಕೆಲಸ ಹಂಚಿಕೊಳ್ಳಬೇಕು. ಅಂಕಿ, ಪಟ್ಟಿ, ಜಿಲ್ಲಾವಾರು, ವರ್ಷವಾರು ಬೇಕೆಂದರೆ ಚುಕ್ಕೆ ಗುರುತಿಲ್ಲದ್ದೇ ಒಳ್ಳೆಯದು. ಅನುಬಂಧದಲ್ಲಿ ಪೂರ್ತಿ ಕೋಷ್ಟಕ ಬರುತ್ತದೆ. ನೀತಿಯಲ್ಲಿ ಬಿರುಕಿದೆ, ಸಚಿವರ ಬಾಯಿಂದಲೇ ಹೌದು ಅಥವಾ ಇಲ್ಲ ಅನ್ನಿಸಬೇಕು ಎಂದರೆ ಚುಕ್ಕೆ. ಸರಿಯಾದ ಕ್ರಮ ಎಂದರೆ ಮೊದಲ ವಾರ ಲಿಖಿತದಲ್ಲಿ ಅಂಕಿ ಪಡೆಯುವುದು, ಮುಂದಿನ ಅಧಿವೇಶನದಲ್ಲಿ ಆ ಅಂಕಿಯನ್ನೇ ಕೈಯಲ್ಲಿ ಹಿಡಿದು ಚುಕ್ಕೆ ಗುರುತಿನಲ್ಲಿ ಕೇಳುವುದು.

ಲೋಕಸಭೆಯಲ್ಲಿ ಮೂಲ ಪ್ರಶ್ನೆ ಕೇಳಿದವರಿಗೆ ಎರಡು ಉಪಪ್ರಶ್ನೆ, ಬೇರೆಯವರಿಗೆ ಸಭಾಧ್ಯಕ್ಷರ ಇಚ್ಛೆ. ಅಧಿಕಾರಿಗಳು ಸಂಭವನೀಯ ಉಪಪ್ರಶ್ನೆಗಳನ್ನೆಲ್ಲ ಊಹಿಸಿ ಸಚಿವರಿಗೆ ದಪ್ಪ ಟಿಪ್ಪಣಿ ಕೊಟ್ಟಿರುತ್ತಾರೆ. ಅಧಿಕಾರಿಗಳ ಗ್ಯಾಲರಿಯಿಂದ ಚೀಟಿಯೂ ಬರುತ್ತದೆ. ಮೂರು ನಿಮಿಷ ಪೀಠಿಕೆ ಹಾಕಿ ನಾಲ್ಕು ಪ್ರಶ್ನೆ ಒಟ್ಟಿಗೆ ಎಸೆದರೆ ಸಚಿವರು ತಮಗೆ ಸುಲಭವಾದ ಒಂದನ್ನು ಆರಿಸಿಕೊಂಡು ಕೂತುಬಿಡುತ್ತಾರೆ. ಉಪಪ್ರಶ್ನೆ ಒಂದೇ ವಾಕ್ಯ ಇರಬೇಕು, ಅದರ ಕೊನೆ ಸಂಖ್ಯೆಯಲ್ಲೋ ದಿನಾಂಕದಲ್ಲೋ ನಿಲ್ಲಬೇಕು.

ನಿಯಮ ನಲವತ್ತೊಂದು

ಪ್ರಶ್ನೆ ಸಚಿವರ ತನಕ ತಲುಪುವ ಮೊದಲೇ ಸಾಯುವುದು ಇಲ್ಲಿ. ಲೋಕಸಭೆಯ ಕಾರ್ಯವಿಧಾನ ನಿಯಮ 41ರ ಪ್ರಕಾರ ಪ್ರಶ್ನೆ ಸಾಮಾನ್ಯವಾಗಿ 150 ಪದ ಮೀರಬಾರದು. ವಾದ, ಊಹೆ, ವ್ಯಂಗ್ಯ, ಆರೋಪ, ವಿಶೇಷಣ ಇರಬಾರದು. ಅಭಿಪ್ರಾಯ ಕೇಳಬಾರದು, "ಹೀಗಾದರೆ ಏನು ಮಾಡುತ್ತೀರಿ" ಎಂಬ ಕಲ್ಪಿತ ಸನ್ನಿವೇಶ ಕೇಳಬಾರದು. ನ್ಯಾಯಾಲಯದಲ್ಲಿ ಇರುವ ವಿಷಯ, ಸಂಪುಟದ ಚರ್ಚೆ, ಕೇಂದ್ರಕ್ಕೆ ಮುಖ್ಯವಾಗಿ ಸಂಬಂಧಿಸದ ವಿಷಯ ಆಗದು. ಸುಲಭವಾಗಿ ಸಿಗುವ ದಾಖಲೆಯಲ್ಲಿ ಈಗಾಗಲೇ ಇರುವ ಮಾಹಿತಿ ಕೇಳಬಾರದು. ಸ್ನೇಹಪರ ವಿದೇಶದ ಬಗ್ಗೆ ಅಗೌರವದ ಮಾತು ಬರಬಾರದು. ಇದು ವಿದೇಶಿ ನೆರವಿನ ಪ್ರಶ್ನೆ ಬರೆಯುವವರು ಮರೆಯುವ ಅಂಶ. "ನಮ್ಮ ಹಣ ತಿಂದು ನಮಗೇ ಬೆನ್ನು ತೋರಿಸುವ" ಎಂದು ಒಂದು ದೇಶದ ಹೆಸರಿನ ಹಿಂದೆ ಸೇರಿಸಿದರೆ ಪ್ರಶ್ನೆ ಅಲ್ಲಿಗೇ ಮುಗಿಯಿತು. ಒಪ್ಪಿಗೆಯ ಕೊನೆ ತೀರ್ಮಾನ ಸಭಾಧ್ಯಕ್ಷರದು.

"ಸುಲಭವಾಗಿ ಸಿಗುವ ದಾಖಲೆ" ಎಂಬ ಷರತ್ತು ಬಜೆಟ್ ಪ್ರಶ್ನೆಗಳಿಗೆ ಗಂಡಾಂತರ. ಭೂತಾನಕ್ಕೆ ಈ ವರ್ಷ ಎಷ್ಟು ಇಟ್ಟಿದ್ದೀರಿ ಎಂದು ಕೇಳಬೇಡಿ. ಅದು ಅನುದಾನ ಬೇಡಿಕೆಯ ಪುಸ್ತಕದಲ್ಲಿದೆ. ಇಟ್ಟದ್ದರಲ್ಲಿ ಇಂಥ ದಿನದವರೆಗೆ ಬಿಡುಗಡೆಯಾದದ್ದೆಷ್ಟು, ಯೋಜನೆವಾರು ಖರ್ಚೆಷ್ಟು ಎಂದು ಕೇಳಿ. ಅದು ಯಾವ ಪುಸ್ತಕದಲ್ಲೂ ಇಲ್ಲ.

ಗಗನ ಲೆಕ್ಕ

ರಕ್ಷಣೆಗೆ ಬರುತ್ತೇನೆ. "ಭದ್ರತೆಯ ಹಿತ" ಎಂಬ ಗೋಡೆಗೆ ಎಲ್ಲೆಲ್ಲಿ ಕಿಟಕಿ ಇದೆ ಎಂಬುದಕ್ಕೆ ರಫೇಲ್ ಯುದ್ಧವಿಮಾನ ಖರೀದಿಗಿಂತ ಒಳ್ಳೆಯ ಪಾಠ ಇಲ್ಲ.

2016ರ ನವೆಂಬರ್ 18ರಂದು ಲೋಕಸಭೆಯಲ್ಲಿ ರಕ್ಷಣಾ ರಾಜ್ಯ ಸಚಿವ ಸುಭಾಷ್ ಭಾಮ್ರೆ ಉತ್ತರ ಕೊಟ್ಟರು. 36 ವಿಮಾನ ಕೊಳ್ಳಲು ಫ್ರಾನ್ಸ್ ಜೊತೆ 2016ರ ಸೆಪ್ಟೆಂಬರ್ 23ರಂದು ಅಂತರ ಸರ್ಕಾರಿ ಒಪ್ಪಂದವಾಗಿದೆ, ಅಗತ್ಯ ಉಪಕರಣ, ಸೇವೆ, ಶಸ್ತ್ರಾಸ್ತ್ರ ಅದರಲ್ಲಿ ಸೇರಿವೆ, ಪ್ರತಿ ವಿಮಾನದ ಬೆಲೆ ಸುಮಾರು 670 ಕೋಟಿ ರೂಪಾಯಿ, 2022ರ ಏಪ್ರಿಲ್‌ಗೆ ಎಲ್ಲವೂ ಬರುತ್ತವೆ. ಉತ್ತರದ ತಿರುಳು ಇಷ್ಟು. ಇನ್ನೊಂದೆಡೆ ಒಟ್ಟು ಒಪ್ಪಂದ ಸುಮಾರು 7.87 ಬಿಲಿಯನ್ ಯೂರೋ, ರೂಪಾಯಿಯಲ್ಲಿ 58-59 ಸಾವಿರ ಕೋಟಿ ಎಂಬುದು ಎಲ್ಲೆಡೆ ಬಂದಿತ್ತು. 36ರಿಂದ ಭಾಗಿಸಿದರೆ ತಲಾ 1,600 ಕೋಟಿಗೂ ಮೇಲೆ. ಎರಡೂ ಸುಳ್ಳಲ್ಲ. 670 ಎಂಬುದು ಬರಿಯ ವಿಮಾನದ್ದು. ಉಳಿದದ್ದು ಕ್ಷಿಪಣಿ, ಭಾರತಕ್ಕೆಂದು ಮಾಡಿದ ಮಾರ್ಪಾಡು, ಬಿಡಿಭಾಗ, ನಿರ್ವಹಣೆ. ಆದರೆ ಉತ್ತರದಲ್ಲಿ "ಉಪಕರಣ, ಶಸ್ತ್ರ ಸೇರಿ" ಎಂಬ ಮಾತು ಒಪ್ಪಂದಕ್ಕೆ ಅಂಟಿಕೊಂಡಿದೆ, ಬೆಲೆಯ ಮಾತು ಮುಂದಿನ ವಾಕ್ಯದಲ್ಲಿದೆ. ಒಂದೇ ಉಸಿರಿಗೆ ಓದಿದವರು ಎಲ್ಲ ಸೇರಿ 670 ಎಂದುಕೊಂಡರು.

ಮುಂದೆ 2018ರ ಫೆಬ್ರವರಿ 5ರಂದು ರಾಜ್ಯಸಭೆಯಲ್ಲಿ ನಿರ್ಮಲಾ ಸೀತಾರಾಮನ್ ಅವರು ಒಪ್ಪಂದದ 10ನೇ ವಿಧಿಯ ಗೋಪ್ಯತೆ ಹೇಳಿ ವಿವರ ನಿರಾಕರಿಸಿದರು. 2019ರ ಫೆಬ್ರವರಿ 13ರಂದು ಮಂಡನೆಯಾದ, ಸರ್ಕಾರದ ಲೆಕ್ಕ ಪರಿಶೋಧಿಸುವ ಸಿಎಜಿಯ ವರದಿಯಲ್ಲೂ ಬೆಲೆಯ ಅಂಕಿಗಳನ್ನು ಮರೆಮಾಡಿ, ಹಿಂದಿನ ಖರೀದಿ ಯತ್ನದ 2007ರ ಪ್ರಸ್ತಾಪಕ್ಕಿಂತ ಶೇ 2.86 ಕಡಿಮೆ ಎಂದಷ್ಟೇ ಹೇಳಿದ್ದರು.

2016ರಲ್ಲಿ ಕಿಟಕಿ ತೆರೆದಿತ್ತು. ಆಗಲೇ "670 ಕೋಟಿಯಲ್ಲಿ ಸೇರದ ಅಂಶಗಳ ಹೆಸರುಗಳೇನು" ಎಂದು ಕೇಳಿದ್ದರೆ ಬೆಲೆಯ ರಹಸ್ಯ ಮುಟ್ಟದೆಯೇ ಅರ್ಧ ವಿಷಯ ದಾಖಲೆಗೆ ಬರುತ್ತಿತ್ತು. ಮೊತ್ತ ಹೇಳಲಾಗದು ಎನ್ನುವಾಗ ಮೊತ್ತದೊಳಗೆ ಏನಿದೆ ಎಂದು ಕೇಳಬೇಕು.

ಕಡತದ ಧೂಳು

ನಾನು ಹೇಳಿದ "ಪದ" ಎಂದರೆ ಇದೇ. ತೇಜಸ್ ಯುದ್ಧವಿಮಾನದ ವಿಷಯದಲ್ಲಿ ಹೇಗೆ ಕೇಳಬೇಕು? ನಮ್ಮ ಬೆಂಗಳೂರಿನ ಕಾರ್ಖಾನೆಯ ಸಂಗತಿ, ಆದರೂ ಸಂಸತ್ತಿನಲ್ಲಿ ಬರುವ ಪ್ರಶ್ನೆಗಳು "ತೇಜಸ್ ಯೋಜನೆಯ ಪ್ರಗತಿ ಏನು" ಎಂಬಲ್ಲೇ ನಿಲ್ಲುತ್ತವೆ.

ಗಗನ ಲೆಕ್ಕ

"ಪ್ರಗತಿ" ಎಂಬ ಪದ ಕಂಡರೆ ಅಧಿಕಾರಿಗೆ ಹಬ್ಬ. ಒಂದು ಪುಟ ಪ್ರಗತಿ ಬರೆದು ಕಳಿಸುತ್ತಾರೆ.

ಹಿನ್ನೆಲೆ ಇಷ್ಟು. 2021ರ ಫೆಬ್ರವರಿಯಲ್ಲಿ ಎಚ್‌ಎಎಲ್ ಜೊತೆ 83 ವಿಮಾನದ ಒಪ್ಪಂದ, ಸುಮಾರು 48,000 ಕೋಟಿ ರೂಪಾಯಿ: 73 ಮಾರ್ಕ್ 1ಎ (ತೇಜಸ್ ಸುಧಾರಿತ ಮಾದರಿ), 10 ತರಬೇತಿ ವಿಮಾನ. ಅದೇ ವರ್ಷ ಆಗಸ್ಟ್‌ನಲ್ಲಿ ಅಮೆರಿಕದ ಜಿಇ ಕಂಪನಿಯಿಂದ 99 ಎಫ್404 ಎಂಜಿನ್‌ಗೆ ಬೇಡಿಕೆ. ಮೊದಲ ಮಾರ್ಕ್ 1ಎ 2024ರಲ್ಲೇ ವಾಯುಪಡೆಗೆ ಸಿಗಬೇಕಿತ್ತು, 99ರಲ್ಲಿ ಮೊದಲ ಎಂಜಿನ್ ಬಂದದ್ದೇ 2025ರ ಮಾರ್ಚ್‌ನಲ್ಲಿ. 2025ರ ಸೆಪ್ಟೆಂಬರ್‌ನಲ್ಲಿ ಇನ್ನೂ 97 ವಿಮಾನಕ್ಕೆ 62,370 ಕೋಟಿಯ ಒಪ್ಪಂದವೂ ಆಯಿತು.

ಇಲ್ಲಿ ನಾಲ್ಕು ಪದಗಳನ್ನು ಬೇರೆಬೇರೆ ಇಡಬೇಕು. "ತಯಾರಾಗಿದೆ" ಎಂದರೆ ಹ್ಯಾಂಗರಿನಲ್ಲಿ ನಿಂತಿರಬಹುದು, ಮೀಸಲು ಎಂಜಿನ್ ಹಾಕಿ ನಿಲ್ಲಿಸಿರಬಹುದು. "ಹಾರಿದೆ" ಎಂದರೆ ಪರೀಕ್ಷಾ ಹಾರಾಟ. "ಸ್ವೀಕಾರ ಪರೀಕ್ಷೆ ಮುಗಿದಿದೆ" ಇನ್ನೊಂದು ಹಂತ. "ವಾಯುಪಡೆಗೆ ಹಸ್ತಾಂತರವಾಗಿದೆ" ಕೊನೆಯದು. ನೀವು ಕೊನೆಯದನ್ನು ಹೆಸರಿಸದಿದ್ದರೆ ಉತ್ತರ ಮೊದಲನೆಯದರಲ್ಲಿ ಬರುತ್ತದೆ. ನಾನು ಬರೆಯುವುದಾದರೆ ಹೀಗೆ:

(ಎ) 2021ರ ಒಪ್ಪಂದದ 83ರ ಪೈಕಿ ಈ ದಿನದವರೆಗೆ ವಾಯುಪಡೆಗೆ ಹಸ್ತಾಂತರವಾದ ವಿಮಾನಗಳೆಷ್ಟು, ದಿನಾಂಕವಾರು. (ಬಿ) 99ರ ಪೈಕಿ ಬಂದ ಎಂಜಿನ್‌ಗಳೆಷ್ಟು, ತಿಂಗಳುವಾರು. (ಸಿ) ತಡವಾದರೆ ದಂಡ ವಸೂಲಿಯ ಷರತ್ತು ಎರಡೂ ಒಪ್ಪಂದಗಳಲ್ಲಿ ಇದೆಯೇ, ಇದ್ದರೆ ವಿಧಿಸಿದ ಮೊತ್ತವೆಷ್ಟು. (ಡಿ) ಬೆಂಗಳೂರು ಮತ್ತು ನಾಸಿಕ್ ಸಾಲುಗಳ ವಾರ್ಷಿಕ ಸಾಮರ್ಥ್ಯ ಪ್ರತ್ಯೇಕವಾಗಿ ಎಷ್ಟು.

ಇದರಲ್ಲಿ ಯಾವ ರಹಸ್ಯವೂ ಇಲ್ಲ. (ಸಿ)ಗೆ "ಒಪ್ಪಂದದ ಪ್ರಕಾರ ಕ್ರಮ ಕೈಗೊಳ್ಳಲಾಗುವುದು" ಎಂದು ಬಂದರೆ ಅದನ್ನೇ ಉಪಪ್ರಶ್ನೆಗೆ ಹಿಡಿಯಬೇಕು.

ಇನ್ನೊಂದು ಬಲೆ "ಮಂಜೂರಾತಿ". ಶಸ್ತ್ರ ಖರೀದಿ ಮಂಡಳಿ ಅಗತ್ಯ ಒಪ್ಪಿಕೊಂಡರೆ ಅದಕ್ಕೆ ಎಒಎನ್ ಅನ್ನುತ್ತಾರೆ. ಪತ್ರಿಕೆಗಳಲ್ಲಿ "ಇಷ್ಟು ಸಾವಿರ ಕೋಟಿ ಖರೀದಿಗೆ ಅಸ್ತು" ಎಂದು ಬರುವುದು ಅದೇ. ಅದು ಖರೀದಿ ಅಲ್ಲ. ಆಮೇಲೆ ಟೆಂಡರ್ ಕರೆಯಬೇಕು, ತಾಂತ್ರಿಕ ಪರಿಶೀಲನೆ, ಮೈದಾನ ಪರೀಕ್ಷೆ, ಬೆಲೆ ಮಾತುಕತೆ, ಒಪ್ಪಂದ. ನಡುವೆ ವರ್ಷಗಳು ಹೋಗುತ್ತವೆ, ಕೆಲವು ಅಲ್ಲೇ ಕೊಳೆಯುತ್ತವೆ. "ಕಳೆದ ಐದು ವರ್ಷಗಳಲ್ಲಿ ಎಒಎನ್ ಸಿಕ್ಕ ಪ್ರಕರಣಗಳಲ್ಲಿ ಒಪ್ಪಂದಕ್ಕೆ ತಲುಪಿದವು ಎಷ್ಟು, ಅವಧಿ ಮುಗಿದು ಬಿದ್ದವು ಎಷ್ಟು" ಎಂಬ ಒಂದು ಸಾಲು ಹತ್ತು ಭಾಷಣಕ್ಕಿಂತ ಮೇಲು.

ಗಡಿ ರಸ್ತೆ

ಚೀನಾ ಗಡಿಯ ಪ್ರಶ್ನೆಗಳ ಬಗ್ಗೆ ಒಂದು ಮಾತು. 2021ರ ಡಿಸೆಂಬರ್‌ನಲ್ಲಿ ಸುಬ್ರಮಣಿಯನ್ ಸ್ವಾಮಿ ಅವರು ಚೀನಾದವರು ವಾಸ್ತವ ನಿಯಂತ್ರಣ ರೇಖೆ ದಾಟಿದ್ದಾರೆಯೇ ಎಂಬ ತಮ್ಮ ಪ್ರಶ್ನೆಯನ್ನು ರಾಷ್ಟ್ರಹಿತದ ಕಾರಣ ಕೊಟ್ಟು ರಾಜ್ಯಸಭೆ ಸಚಿವಾಲಯ ಒಪ್ಪಲಿಲ್ಲ ಎಂದು ಬಹಿರಂಗವಾಗಿ ಹೇಳಿದ್ದರು. ಮನೀಶ್ ತಿವಾರಿ ಅವರೂ ಲೋಕಸಭೆಯ ಬಗ್ಗೆ ಇದೇ ದೂರು ಹೇಳಿದ್ದಾರೆ. ಇದು ಒಳ್ಳೆಯ ಪರಿಪಾಠ ಅಲ್ಲ ಎಂದೇ ನನ್ನ ನಿಲುವು. ಪ್ರಶ್ನೆಯನ್ನು ಒಳಗೆ ಬಿಟ್ಟು, ಹೇಳಲಾಗದ್ದನ್ನು ಹೇಳಲಾಗದು ಎಂದು ಸಚಿವರೇ ಸದನದಲ್ಲಿ ಹೇಳಲಿ. ಆಗ ನಿರಾಕರಣೆಗೂ ಒಬ್ಬ ಹೊಣೆಗಾರ ಇರುತ್ತಾನೆ.

ಆದರೂ ದಾರಿ ಪೂರ್ತಿ ಮುಚ್ಚಿಲ್ಲ. ಗಡಿ ರಸ್ತೆ ಸಂಸ್ಥೆ 2015ರಿಂದ ಸಂಪೂರ್ಣ ರಕ್ಷಣಾ ಸಚಿವಾಲಯದ ಕೈಯಲ್ಲಿದೆ. ರಾಜ್ಯವಾರು ಮುಗಿದ ರಸ್ತೆ ಎಷ್ಟು ಕಿಲೋಮೀಟರ್, ಸೇತುವೆ ಎಷ್ಟು, ಗಡುವು ಮೀರಿದವು ಯಾವುವು ಎಂದು ಕೇಳಿದರೆ ಉತ್ತರ ಬರುತ್ತದೆ. ಸೈನಿಕ ಎಲ್ಲಿ ನಿಂತಿದ್ದಾನೆಂದು ಹೇಳಲಾಗದ ಸರ್ಕಾರ ಅವನ ತನಕ ರಸ್ತೆ ಹೋಗಿದೆಯೇ ಎಂದು ಹೇಳಬಲ್ಲದು.

ಮಲೆನಾಡ ಉಣುಗು

ಆರೋಗ್ಯಕ್ಕೆ ಬರೋಣ. 2021ರ ಜುಲೈ 20ರ ರಾಜ್ಯಸಭೆಯ ಆ ಉತ್ತರವನ್ನು ಎಲ್ಲರೂ ಬೈದರು, ಬಿಡಿಸಿ ಓದಿದವರು ಕಡಿಮೆ. ಕೋವಿಡ್ ಎರಡನೇ ಅಲೆಯಲ್ಲಿ ಆಮ್ಲಜನಕದ ಕೊರತೆಯಿಂದ ದೊಡ್ಡ ಸಂಖ್ಯೆಯಲ್ಲಿ ಜನ ಸತ್ತದ್ದು ನಿಜವೇ ಎಂಬುದು ಕೆ.ಸಿ. ವೇಣುಗೋಪಾಲ್ ಅವರ ಪ್ರಶ್ನೆ. ರಾಜ್ಯ ಸಚಿವೆ ಭಾರತಿ ಪ್ರವೀಣ್ ಪವಾರ್ ಅವರ ಉತ್ತರದಲ್ಲಿ ಮೂರು ಮೆಟ್ಟಿಲು. ಆರೋಗ್ಯ ರಾಜ್ಯದ ವಿಷಯ. ಸಾವಿನ ವರದಿ ಮಾಡಲು ಕೇಂದ್ರ ಮಾರ್ಗಸೂಚಿ ಕೊಟ್ಟಿದೆ, ರಾಜ್ಯಗಳು ಅದರಂತೆ ವರದಿ ಮಾಡುತ್ತವೆ. ಆಮ್ಲಜನಕದ ಕೊರತೆಯಿಂದ ಆದ ಸಾವೆಂದು ನಿರ್ದಿಷ್ಟವಾಗಿ ಯಾವ ರಾಜ್ಯವೂ ವರದಿ ಮಾಡಿಲ್ಲ.

ಇಡೀ ಉತ್ತರ ನಿಂತಿರುವುದು "ನಿರ್ದಿಷ್ಟವಾಗಿ" ಎಂಬ ಪದದ ಮೇಲೆ. ಸಾವಿಲ್ಲ ಎಂದು ಹೇಳಿಲ್ಲ, ವರದಿ ಇಲ್ಲ ಎಂದಿದ್ದಾರೆ. ನಮ್ಮ ಚಾಮರಾಜನಗರ ಜಿಲ್ಲಾ ಆಸ್ಪತ್ರೆಯಲ್ಲಿ ಅದೇ ಮೇ 2ರ ರಾತ್ರಿಯಿಂದ 3ರ ಬೆಳಗಿನೊಳಗೆ 24 ಜನ ಸತ್ತಿದ್ದರು, ಹೈಕೋರ್ಟ್ ಸಮಿತಿ ಕೂತು ವರದಿಯನ್ನೂ ಕೊಟ್ಟಿತ್ತು. ಆದರೂ ದೆಹಲಿಯ ಆ ಉತ್ತರದೊಳಗೆ ಅವರು ಯಾರೂ ಇರಲಿಲ್ಲ.

ಕೇಳಬೇಕಿದ್ದದ್ದು ನಮೂನೆಯನ್ನು. ಕೇಂದ್ರ ಕಳಿಸಿದ ವರದಿ ನಮೂನೆಯಲ್ಲಿ "ಆಮ್ಲಜನಕ ಕೊರತೆ" ಎಂಬ ಅಂಕಣ ಇತ್ತೇ? ಇರಲಿಲ್ಲವಾದರೆ ರಾಜ್ಯ ಅದನ್ನು ಎಲ್ಲಿ ಬರೆಯಬೇಕಿತ್ತು? ನಮೂನೆ ಕೇಂದ್ರದ ಕೆಲಸ, ಆದ್ದರಿಂದ ರಾಜ್ಯದ ವಿಷಯ ಎನ್ನಲಾಗದು. ಆ ಗದ್ದಲದ ನಂತರವೇ ಕೇಂದ್ರ ರಾಜ್ಯಗಳಿಗೆ ಪತ್ರ ಬರೆದು ಈ ಅಂಕಿ ಕೇಳಿತು.

ನಿಯಮ ನಲವತ್ತೊಂದು

ಇದಕ್ಕೆ ಸಂವಿಧಾನದ ಆಸರೆಯೂ ಇದೆ. ಏಳನೇ ಅನುಸೂಚಿಯ ರಾಜ್ಯ ಪಟ್ಟಿಯ 6ನೇ ನಮೂದು ಸಾರ್ವಜನಿಕ ಆರೋಗ್ಯ, ಆಸ್ಪತ್ರೆ. ಆದರೆ ಸಮವರ್ತಿ ಪಟ್ಟಿ ನೋಡಿ. 19 ಔಷಧ, 26 ವೈದ್ಯ ವೃತ್ತಿ, 29 ಒಂದು ರಾಜ್ಯದಿಂದ ಇನ್ನೊಂದಕ್ಕೆ ಸೋಂಕು ಹರಡದಂತೆ ತಡೆ, 30 ಜನನ ಮರಣ ನೋಂದಣಿ ಸೇರಿ ಜೀವಾಂಕಿ. ಸಾವಿನ ಕಾರಣ ಕೇಳುವಾಗ "ಆಸ್ಪತ್ರೆ" ಎಂದು ಬರೆದರೆ 6ಕ್ಕೆ ಬೀಳುತ್ತೀರಿ, "ಮರಣ ಕಾರಣ ಪ್ರಮಾಣೀಕರಣ" ಎಂದು ಬರೆದರೆ 30ಕ್ಕೆ. ಸಂಗತಿ ಅದೇ, ಬಾಗಿಲು ಬೇರೆ.

ಹಣದ ದಾರಿ ಇನ್ನೂ ಸುಲಭ. ರಾಷ್ಟ್ರೀಯ ಆರೋಗ್ಯ ಅಭಿಯಾನದಲ್ಲಿ ಕರ್ನಾಟಕದಂಥ ರಾಜ್ಯಕ್ಕೆ ಕೇಂದ್ರದ್ದು 60, ರಾಜ್ಯದ್ದು 40. ಆ 60ರ ಜಾಡು ಹಿಡಿದು ಹೋದರೆ ತಾಲ್ಲೂಕು ಆಸ್ಪತ್ರೆಯ ತನಕ ಪ್ರಶ್ನೆ ಒಯ್ಯಬಹುದು.

ಹುಬ್ಬಳ್ಳಿ ಗಾಳಿ

ಈಗ ತಿಳೀತ್ರಿ. ಮಂಗನ ಕಾಯಿಲೆ ಬಗ್ಗೆ ಹಿಂಗ ಕೇಳೂದಾದ್ರ ಹೆಂಗ್ರಿ? ಉತ್ತರ ಕನ್ನಡದ ಮಂದಿ ಪ್ರತಿ ವರ್ಷ ಅದರಾಗ ಒದ್ದಾಡತಾರ.

ಮಲೆನಾಡ ಉಣುಗು

ಬಹಳ ಮುಖ್ಯವಾದದ್ದನ್ನು ಕೇಳಿದಿರಿ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಾದ ರೋಗ, ಉಣುಗಿನಿಂದ ಹರಡುತ್ತದೆ. ಹಳೆಯ ಲಸಿಕೆ ಒಂದು ತಿಂಗಳ ಅಂತರದಲ್ಲಿ ಎರಡು ಡೋಸ್, ಆಮೇಲೆ ಬೂಸ್ಟರ್ ಎಂದು ನಡೆಯುತ್ತಿತ್ತು. ಅದರ ಶಕ್ತಿ ಸಾಲದೆಂದು 2022ರಲ್ಲಿ ಕೈಬಿಟ್ಟರು. ಹೊಸ ಲಸಿಕೆಯ ಕೆಲಸ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಮತ್ತು ಹೈದರಾಬಾದಿನ ಇಂಡಿಯನ್ ಇಮ್ಯುನಾಲಜಿಕಲ್ಸ್ ನಡುವೆ ನಡೆಯುತ್ತಿದೆ.

"ಶಿವಮೊಗ್ಗ, ಉತ್ತರ ಕನ್ನಡದಲ್ಲಿ ಮಂಗನ ಕಾಯಿಲೆ ತಡೆಗೆ ಕೈಗೊಂಡ ಕ್ರಮವೇನು" ಎಂದು ಕೇಳಿದರೆ ರಾಜ್ಯದ ವಿಷಯ ಎಂಬ ಮೊದಲ ಸಾಲು ಖಚಿತ. ಐಸಿಎಂಆರ್ ಇರುವುದು ಕೇಂದ್ರ ಆರೋಗ್ಯ ಸಚಿವಾಲಯದ ಆರೋಗ್ಯ ಸಂಶೋಧನಾ ಇಲಾಖೆಯ ಅಡಿಯಲ್ಲಿ. ಪ್ರಶ್ನೆಯನ್ನು ಅಲ್ಲಿಗೆ ನೆಡಬೇಕು: (ಎ) ಲಸಿಕೆ ಈಗ ಯಾವ ಹಂತದಲ್ಲಿದೆ, ಪ್ರತಿ ಹಂತದ ಆರಂಭ ದಿನಾಂಕ ಯಾವುದು; (ಬಿ) ಐಸಿಎಂಆರ್ ಇದುವರೆಗೆ ಬಿಡುಗಡೆ ಮಾಡಿದ ಹಣ, ವರ್ಷವಾರು; (ಸಿ) ಮೂರನೇ ಹಂತದ ಪ್ರಯೋಗ ನಡೆಯುವ ಜಿಲ್ಲೆಗಳು ಯಾವುವು; (ಡಿ) ಲಸಿಕೆ ಸಿಗುವವರೆಗೆ ಉಣುಗು ನಿವಾರಕ ಎಣ್ಣೆ, ಪರೀಕ್ಷಾ ಕಿಟ್‌ಗಳಿಗೆ ಕೇಂದ್ರದ ಪಾಲೆಷ್ಟು.

"ಲಸಿಕೆ ಯಾವಾಗ ಬರುತ್ತದೆ" ಎಂದು ಮಾತ್ರ ಕೇಳಬೇಡಿ. "ಸಮಯ ನಿಗದಿ ಮಾಡಲಾಗದು" ಎಂಬ ಮೂರು ಪದಕ್ಕೆ ಮಳೆಗಾಲದ ಅಧಿವೇಶನವೇ ಕಳೆದುಹೋಗುತ್ತದೆ. ದೀಪಾವಳಿ ಮುಗಿದು ಕಾಡಿಗೆ ಸೊಪ್ಪು, ದರಗು ತರಲು ಹೋಗುವ ಹೊತ್ತಿಗೆ ಉಣುಗು ಶುರು. ಮಳೆಗಾಲದಲ್ಲೇ ಕೇಳಿದರೆ ಉಪಯೋಗ.

ಸಾಲವೋ ದಾನವೋ

ವಿದೇಶಿ ನೆರವಿನಲ್ಲಿ ಬಾಗಿಲುಗಳೇ ಐದಾರು. 2022ರಲ್ಲಿ ಆರ್ಥಿಕವಾಗಿ ಕುಸಿದ ಶ್ರೀಲಂಕಾ ತೆಗೆದುಕೊಳ್ಳಿ. "ಸುಮಾರು 4 ಬಿಲಿಯನ್ ಡಾಲರ್ ನೆರವು" ಎಂಬುದು ಅಧಿಕೃತ ಮಾತು. ಒಡೆದು ನೋಡಿ. ಸಾರ್ಕ್ ವ್ಯವಸ್ಥೆಯಡಿ 400 ಮಿಲಿಯನ್ ಡಾಲರ್ ಕರೆನ್ಸಿ ವಿನಿಮಯ ಕೊಟ್ಟದ್ದು ರಿಸರ್ವ್ ಬ್ಯಾಂಕ್. ಪೆಟ್ರೋಲ್, ಡೀಸೆಲ್‌ಗೆ 500 ಮಿಲಿಯನ್ ಸಾಲ ಸರ್ಕಾರದ ರಫ್ತು-ಆಮದು ಬ್ಯಾಂಕಾದ ಎಕ್ಸಿಮ್ ಬ್ಯಾಂಕಿನದು. ಆಹಾರ, ಔಷಧಕ್ಕೆ 1 ಬಿಲಿಯನ್ ಸ್ಟೇಟ್ ಬ್ಯಾಂಕಿನದು. ದೇಶದೇಶಗಳ ವ್ಯಾಪಾರದ ಲೆಕ್ಕ ತೀರಿಸುವ ಏಷ್ಯನ್ ಕ್ಲಿಯರಿಂಗ್ ಯೂನಿಯನ್‌ಗೆ ಕಟ್ಟಬೇಕಾದ ಬಾಕಿ ಮುಂದೂಡಿದ್ದೂ ಅದರಲ್ಲಿ ಸೇರಿದೆ. ಇದ್ಯಾವುದೂ ವಿದೇಶಾಂಗ ಸಚಿವಾಲಯದ ಬಜೆಟ್ಟಿನಿಂದ ಹೋದ ದಾನ ಅಲ್ಲ. 2025-26ರ ಪುಸ್ತಕದಲ್ಲಿ ಶ್ರೀಲಂಕಾದ ಹೆಸರಿನಲ್ಲಿ ಇರುವುದು 300 ಕೋಟಿ ರೂಪಾಯಿ.

ಹೀಗಿರುವಾಗ "ನೆರವು" ಎಂಬ ಒಂದೇ ಪದ ಹಾಕಿ ಕೇಳಿದರೆ ತಮಗೆ ಬೇಕಾದ ಮೊತ್ತ ಹೇಳುತ್ತಾರೆ. ಹೊಗಳಿಕೊಳ್ಳಬೇಕಾದಾಗ ದೊಡ್ಡದು, ಖರ್ಚು ಕೇಳಿದಾಗ ಸಣ್ಣದು. ಅನುದಾನ, ಸರ್ಕಾರದ ನೇರ ಸಾಲ, ಎಕ್ಸಿಮ್ ಸಾಲ, ಕರೆನ್ಸಿ ವಿನಿಮಯ, ತರಬೇತಿ ಎಂದು ಐದು ಅಂಕಣ ನೀವೇ ಹೆಸರಿಸಿ ಕೇಳಬೇಕು. ಬಜೆಟ್ ಪುಸ್ತಕದಲ್ಲಿ ಅನುದಾನದ ಲೆಕ್ಕ ಶೀರ್ಷಿಕೆ 3605, ವಿದೇಶಿ ಸರ್ಕಾರಗಳಿಗೆ ಮುಂಗಡ ಸಾಲದ್ದು 7605. ವಿದೇಶಾಂಗದ ಬೇಡಿಕೆ ಸಂಖ್ಯೆ 29.

ಎಕ್ಸಿಮ್ ಸಾಲದಲ್ಲಿ ಇನ್ನೊಂದು ಸೂಕ್ಷ್ಮ. ಬಡ್ಡಿ ರಿಯಾಯಿತಿಯ ಹೊರೆ ಹೊರುವುದು ಹಣಕಾಸು ಸಚಿವಾಲಯ. ಯಾವ ದೇಶಕ್ಕೆ, ಯಾವ ಯೋಜನೆಗೆ ಎಂಬುದು ವಿದೇಶಾಂಗದ್ದು, ಬಡ್ಡಿ ರಿಯಾಯಿತಿ ಎಷ್ಟು, ಮರುಪಾವತಿ ತಪ್ಪಿದ್ದು ಎಷ್ಟು ಎಂಬುದು ಹಣಕಾಸಿನದ್ದು. ತಪ್ಪು ಕಡೆ ಕಳಿಸಿದರೆ ಪ್ರಶ್ನೆ ಆ ಇನ್ನೊಂದು ಸಚಿವಾಲಯದ ದಿನಕ್ಕೆ ವರ್ಗವಾಗುತ್ತದೆ, ಅಧಿವೇಶನದ ಕೊನೆ ವಾರವಾದರೆ ಅಲ್ಲಿಗೇ ಹೋಯಿತು. ಇಲ್ಲೂ ಮೂರು ಪದ ಬೇರೆಬೇರೆ ಇಡಿ: ಮಂಜೂರು, ಗುತ್ತಿಗೆಗೆ ಒಪ್ಪಿಗೆ, ಪಾವತಿ. ಸರಕು, ಸೇವೆಯಲ್ಲಿ ಶೇ 75 ಭಾರತದಿಂದಲೇ ಹೋಗಬೇಕೆಂಬ ನಿಯಮವಿದೆ, ಸಿವಿಲ್ ಕಾಮಗಾರಿ ಹೆಚ್ಚಿರುವಲ್ಲಿ ಸಡಿಲಿಕೆ ಕೊಡುತ್ತಾರೆ. ಎಷ್ಟು ಯೋಜನೆಗೆ ಸಡಿಲಿಸಿದ್ದೀರಿ ಎಂದು ಯಾರೂ ಕೇಳುವುದು ಕಾಣೆ.

ಕಡತದ ಧೂಳು

ವರ್ಷದ ಮೊದಲಿನ ಬಜೆಟ್ ಅಂದಾಜು, ನಡುವೆ ತಿದ್ದಿದ ಪರಿಷ್ಕೃತ ಅಂದಾಜು ಬೆರೆಸಿದರೂ ಎಡವಟ್ಟಾಗುತ್ತದಲ್ಲವೇ?

ಸಾಲವೋ ದಾನವೋ

ಖಂಡಿತ. ಮಾಲ್ದೀವ್ಸ್‌ಗೆ 2023-24ರ ಬಜೆಟ್ ಅಂದಾಜು 400 ಕೋಟಿ, ಪರಿಷ್ಕೃತ 770.90 ಕೋಟಿ. ಮುಂದಿನ ವರ್ಷದ 400ನ್ನು ಹಿಂದಿನ 770ರ ಪಕ್ಕ ಇಟ್ಟವರು "ನೆರವು ಅರ್ಧ ಕಡಿತ" ಎಂದು ಬರೆದರು, 400ರ ಪಕ್ಕ ಇಟ್ಟವರಿಗೆ ಕಡಿತವೇ ಕಾಣಲಿಲ್ಲ. ಬಜೆಟ್ ಅಂದಾಜನ್ನು ಬಜೆಟ್ ಅಂದಾಜಿನ ಜೊತೆ, ವಾಸ್ತವ ಖರ್ಚನ್ನು ವಾಸ್ತವದ ಜೊತೆ ಇಡಬೇಕು.

ನೆರವಿನ ಪಟ್ಟಿಯಲ್ಲಿ ಭೂತಾನವೇ ಮೊದಲು, 2025-26ರಲ್ಲಿ 2,150 ಕೋಟಿ. ಅಲ್ಲಿನ ಪುನತ್ಸಂಗ್‌ಛು-1 ಜಲವಿದ್ಯುತ್ ಯೋಜನೆ 1,200 ಮೆಗಾವಾಟ್. ಭಾರತದ ಹಣದಲ್ಲಿ ಶೇ 40 ಅನುದಾನ, ಶೇ 60 ಸಾಲ. 2013ರಲ್ಲಿ ಅಣೆಕಟ್ಟೆಯ ಬಲದಂಡೆಯ ಗುಡ್ಡ ಜರುಗಿ ಕೆಲಸ ವರ್ಷಗಟ್ಟಲೆ ಸಿಕ್ಕಿಹಾಕಿಕೊಂಡಿತು. "ಭೂತಾನಕ್ಕೆ ನೆರವೆಷ್ಟು" ಎಂಬ ಪ್ರಶ್ನೆಯಲ್ಲಿ ಈ ಗುಡ್ಡ ಕಾಣುವುದಿಲ್ಲ. "ಮೂಲ ಅಂದಾಜು ವೆಚ್ಚ, ಇಂದಿನ ವೆಚ್ಚ, ಹೆಚ್ಚುವರಿಯಲ್ಲಿ ಅನುದಾನ-ಸಾಲದ ಪ್ರಮಾಣ ಅದೇ 40:60 ಉಳಿದಿದೆಯೇ" ಎಂದರೆ ಕಾಣುತ್ತದೆ.

ಮೇಜಿನ ಮೇಲೆ ಮಂಡನೆ

ಉತ್ತರ ಬಂದ ಮೇಲಿನ ಕೆಲಸವನ್ನು ಬಹಳ ಮಂದಿ ಬಿಟ್ಟುಬಿಡುತ್ತಾರೆ. "ಮಾಹಿತಿ ಸಂಗ್ರಹಿಸಲಾಗುತ್ತಿದೆ, ಮೇಜಿನ ಮೇಲೆ ಇಡಲಾಗುವುದು", "ಪರಿಶೀಲನೆಯಲ್ಲಿದೆ" ಇಂಥ ಮಾತು ಸರ್ಕಾರದ ಭರವಸೆ ಎಂದು ದಾಖಲಾಗಬಹುದು. ಭರವಸೆಗೆ ಮೂರು ತಿಂಗಳ ಗಡುವು, ಬೆನ್ನುಹತ್ತಲು ಭರವಸೆಗಳ ಸಮಿತಿ ಇದೆ. ಲೋಕಸಭೆಯಲ್ಲಿ ಅದು 1953ರಿಂದ ಇದೆ. ಸಚಿವಾಲಯ ಭರವಸೆಯನ್ನೇ ಕೈಬಿಡಿ ಎಂದು ಸಮಿತಿಯನ್ನು ಕೇಳಿಕೊಳ್ಳುವುದೂ ಉಂಟು, ಆಗ ಸದಸ್ಯರು ಎಚ್ಚರವಾಗಿರಬೇಕು.

ಉತ್ತರದಲ್ಲಿ ಅಂಕಿ ತಪ್ಪಿದ್ದರೆ ಸಭಾಧ್ಯಕ್ಷರ ನಿರ್ದೇಶನ 115ರ ಅಡಿ ಬರೆದು ತಿಳಿಸಬಹುದು. ಟಿವಿಯಲ್ಲಿ ಕೂಗುವುದಕ್ಕಿಂತ ಇದು ಗಟ್ಟಿ, ಏಕೆಂದರೆ ಸಚಿವರು ತಿದ್ದುಪಡಿ ಹೇಳಿಕೆಯನ್ನು ಸದನದಲ್ಲೇ ಕೊಡಬೇಕಾಗಬಹುದು. ಉತ್ತರದ ಒಂದು ಅಂಶಕ್ಕೆ ವಿವರಣೆ ಬೇಕಾದರೆ ನಿಯಮ 55ರ ಅರ್ಧ ಗಂಟೆ ಚರ್ಚೆ. ಮೂರು ದಿನ ಮುಂಚೆ ಸೂಚನೆ, ಜೊತೆಗೆ ಕಾರಣ ಹೇಳುವ ಟಿಪ್ಪಣಿ. ಸೋಮವಾರ, ಬುಧವಾರ, ಶುಕ್ರವಾರ ಸಂಜೆಯ ಕೊನೆ ಅರ್ಧ ಗಂಟೆ ಅದಕ್ಕೆ ಮೀಸಲು.

ನಿಯಮ ನಲವತ್ತೊಂದು

ಒಂದು ಸಣ್ಣ ವಿಷಯ ಸೇರಿಸುತ್ತೇನೆ. ಮೇಲೆ ಬರೆದ ಕರಡುಗಳೆಲ್ಲ ಕನ್ನಡದಲ್ಲಿ ಚಿಕ್ಕದಾಗಿ ಕಾಣುತ್ತವೆ. ಸೂಚನೆ ಹೋಗುವುದು ಇಂಗ್ಲಿಷ್ ಅಥವಾ ಹಿಂದಿಯಲ್ಲಿ. "ವಾಯುಪಡೆಗೆ", "ಒಪ್ಪಂದದಡಿ" ಎಂದು ನಾವು ಒಂದೇ ಪದದಲ್ಲಿ ಮುಗಿಸುವುದು ಅಲ್ಲಿ ಮೂರು ನಾಲ್ಕು ಪದ. 150ರ ಮಿತಿಯನ್ನು ಅನುವಾದ ಆದ ಮೇಲೆ ಎಣಿಸಿ. ಗಗನ ಲೆಕ್ಕ ಅವರ ಪ್ರಶ್ನೆಯಲ್ಲಿ (ಡಿ) ತೆಗೆದು ಇನ್ನೊಂದು ದಿನಕ್ಕೆ ಇಟ್ಟರೆ ಕ್ಷೇಮ.

ಗಗನ ಲೆಕ್ಕ

ಒಪ್ಪಿದೆ. (ಡಿ) ತೆಗೆಯೋಣ. ಆದರೆ (ಬಿ)ಯಲ್ಲಿ "ತಿಂಗಳುವಾರು" ಬಿಡಬೇಡಿ. ಎಂಜಿನ್ ಬಂದ ತಿಂಗಳು, ವಿಮಾನ ಹಸ್ತಾಂತರವಾದ ತಿಂಗಳು ಎರಡೂ ಪಕ್ಕಪಕ್ಕ ಸಿಕ್ಕರೆ ತಡ ಎಂಜಿನ್‌ನಿಂದ ಎಷ್ಟು, ಸಾಫ್ಟ್‌ವೇರ್ ಮತ್ತು ಶಸ್ತ್ರ ಪರೀಕ್ಷೆಯಿಂದ ಎಷ್ಟು ಎಂಬುದು ತಾನಾಗಿ ಬಿಚ್ಚಿಕೊಳ್ಳುತ್ತದೆ.

ಮಲೆನಾಡ ಉಣುಗು

ನನ್ನದರಲ್ಲೂ (ಸಿ)ಯನ್ನು ತಿದ್ದುತ್ತೇನೆ. "ಮೂರನೇ ಹಂತ ನಡೆಯುವ ಜಿಲ್ಲೆಗಳು" ಎಂದರೆ ಮೂರನೇ ಹಂತ ಇದೆ ಎಂದು ನಾನೇ ಊಹಿಸಿದಂತಾಯಿತು, ನಿಯಮ 41ಕ್ಕೆ ಸಿಕ್ಕಿಬೀಳುತ್ತದೆ. "ಪ್ರಯೋಗ ನಡೆದಿರುವ ಅಥವಾ ನಡೆಸಲು ಗುರುತಿಸಿರುವ ಜಿಲ್ಲೆಗಳು, ಹಂತವಾರು" ಎಂದು ಮಾಡಿಕೊಳ್ಳಿ.